ಸದ್ದು ಬಂದ ಕಡೆ ನೋಡಬಾರದು

ನಮ್ಮ ತೀರ್ಥಹಳ್ಳಿ ಕಡೆ ಕ್ಯಾಮೆರಾ ಹಿಡಿದವರೆಲ್ಲ ಹಕ್ಕಿ ಹಿಂದೆ ಹೋದವರೇ. ನಾನೂ ಹತ್ತು ವರ್ಷ ಹಾಗೇ ಅಲೆದೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ಮನೆ ಹಿಂದಿನ ಹಾಡ್ಯದಲ್ಲಿ ಮಂಗಟ್ಟೆ. ಒಂದು ಸಲ ಅಡಿಕೆ ಕೊಯ್ಲಿನ ಹೊತ್ತಲ್ಲಿ ತೋಟದಲ್ಲಿ ನಿಂತಿದ್ದೆ. ತಲೆ ಮೇಲೆ ಎರಡು ಯುದ್ಧವಿಮಾನ ಹೋದವು. ಎರಡು ಅನ್ನೋದು ನನ್ನ ಲೆಕ್ಕ ಅಲ್ಲ. ಸದ್ದು ಕೇಳಿ ನಾನು ತಲೆ ಎತ್ತುವಷ್ಟರಲ್ಲಿ ಆಕಾಶ ಖಾಲಿ. ಮರದ ತುದಿಯಲ್ಲಿದ್ದ ಕೊನೆಗಾರ ಮಾತ್ರ ಪೂರ್ತಿ ನೋಡಿದ್ದ. "ಎರಡಿತ್ತು ಗೌಡ್ರೆ, ಬೂದಿ ಬಣ್ಣ. ಒಂದು ಸ್ವಲ್ಪ ಹಿಂದಿತ್ತು" ಅಂದ. ಕೈಯಲ್ಲಿ ಕ್ಯಾಮೆರಾ ಇದ್ದವನು ನಾನು, ವಿಮಾನ ನೋಡಿದವನು ಅವನು. ಅವತ್ತು ಹಿಡಿದದ್ದು ಈ ಯುದ್ಧವಿಮಾನದ ಫೋಟೊ ತೆಗೆಯುವ ಹುಚ್ಚು.

ಇಂಗ್ಲೆಂಡಿನಲ್ಲಿ ಲೇಕನ್‌ಹೀತ್ ಅಂತ ಒಂದು ವಾಯುನೆಲೆ ಇದೆ. ಅದರ ಬೇಲಿ ಹೊರಗೆ ಜನ ಏಣಿ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಚಹಾ ಇಟ್ಟುಕೊಂಡು, ಬೆಳಗ್ಗೆಯಿಂದ ಸಂಜೆ ತನಕ ವಿಮಾನದ ಫೋಟೊ ತೆಗೆಯುತ್ತಾರಂತೆ. ಯಾರೂ ಬೈಯುವುದಿಲ್ಲ. ನಮ್ಮಲ್ಲಿ ಏಣಿ ಹಾಕುವುದು ಕಾಳುಮೆಣಸು ಕೊಯ್ಯೋಕೆ ಮಾತ್ರ. ವಾಯುನೆಲೆ ಬೇಲಿಗೆ ಏಣಿ ಹಾಕಿದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅಂತ ಒಂದು ಇದೆ. ಬ್ರಿಟಿಷರು ಮಾಡಿಟ್ಟು ಹೋದದ್ದು. ತಮ್ಮೂರಲ್ಲಿ ಏಣಿ, ನಮ್ಮೂರಲ್ಲಿ ಕಾಯ್ದೆ!

ನನಗೆ ಆ ಕಾಯ್ದೆ ಗೊತ್ತಿತ್ತು. ಹಾಗಾಗಿ ಒಂದು ವಾಯುನೆಲೆಯ ಹತ್ತಿರ ಹೋದಾಗ (ಯಾವ ಊರು ಅಂತ ಹೇಳುವುದಿಲ್ಲ) ಒಂದೇ ಒಂದು ವಿಮಾನದ ಫೋಟೊ ತೆಗೆಯಲಿಲ್ಲ. ಗೋಡೆ ಮೇಲೆ "ಇಲ್ಲಿ ಫೋಟೊ ತೆಗೆಯಬಾರದು" ಅಂತ ಬೋರ್ಡ್ ಇತ್ತು. ಮೂರು ಭಾಷೆಯಲ್ಲಿ ಚಂದ ಬರೆದಿದ್ದರು. ಅದರ ಫೋಟೊ ತೆಗೆದೆ.

ಅರ್ಧ ನಿಮಿಷದಲ್ಲಿ ಕಾವಲಿನವರು ಬಂದರು. ಪಾಪ, ಒಳ್ಳೆಯವರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನ್ನ ಹಿಂದಿ ದೂರದರ್ಶನದ ಕಾಲದ್ದು. ಕ್ಯಾಮೆರಾ ಇಸಿದುಕೊಂಡು ಒಂದೊಂದೇ ಫೋಟೊ ನೋಡುತ್ತಾ ಹೋದರು. ಮೊದಲು ಬೋರ್ಡ್. ಆಮೇಲೆ ಮಂಗಟ್ಟೆ. ಮತ್ತೆ ಮಂಗಟ್ಟೆ. ಅದೇ ಮಂಗಟ್ಟೆ ಇನ್ನೊಂದು ಕಡೆ ತಿರುಗಿ. ಆಮೇಲೆ ನಮ್ಮ ಅಕ್ಕನ ಮೊಮ್ಮಗುವಿನ ನಾಮಕರಣ. ಪಂಕ್ತಿಯಲ್ಲಿ ಕೂತ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ದೊಡ್ಡದು ಮಾಡಿ ನೋಡಿದರು. ನಮ್ಮ ಭಾವ ಪಾಯಸಕ್ಕೆ ಎರಡನೇ ಸಲ ಲೋಟ ಚಾಚಿದ್ದು ದೇಶದ ಭದ್ರತಾ ಪಡೆಯ ಕಣ್ಣಿಗೂ ಬಿತ್ತು. ಅಂಗಳದಲ್ಲಿ ಹರವಿದ ಅಡಿಕೆ ಬಂದಾಗ ನಿಲ್ಲಿಸಿ, ಇದೇನು ಅಂತ ಕೇಳಿದರು. "ಸುಪಾರಿ, ಸುಪಾರಿ" ಅಂದೆ. ಹೇಳಿದ ಮೇಲೆ ಹೊಳೆಯಿತು, ಹಿಂದಿಯಲ್ಲಿ ಸುಪಾರಿಗೆ ಇನ್ನೊಂದು ಅರ್ಥವೂ ಇದೆ ಅಂತ. ಗಾಬರಿಯಲ್ಲಿ ಬಾಯಿ ಅಗಿಯುವ ಹಾಗೆ ಮಾಡಿ ತೋರಿಸಿದೆ. ಬೆಳೆಗಾರ ಅಂತ ಸಾಬೀತು ಮಾಡೋಕೆ ಜೇಬು ತಡಕಿದರೆ ಒಂದು ಹೋಳು ಅಡಿಕೆಯೂ ಇರಲಿಲ್ಲ. ಜೀವನದಲ್ಲಿ ಅದೇ ಮೊದಲು. ಕೊನೆಗೆ ಬೋರ್ಡಿನ ಫೋಟೊ ಅಳಿಸಿ, ನಕ್ಕು ಕಳಿಸಿದರು.

ಇದಕ್ಕಿಂತ ಕಠಿಣ ವಿಚಾರಣೆ ಆಮೇಲೆ ನಮ್ಮ ಶಿವಮೊಗ್ಗದಲ್ಲೇ ಆಯಿತು. 2023ರ ಫೆಬ್ರವರಿ 27ಕ್ಕೆ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತಲ್ಲ. 3,200 ಮೀಟರ್ ಉದ್ದದ ರನ್‌ವೇ, ದೊಡ್ಡ ವಿಮಾನವೂ ಇಳಿಯಬಹುದು. ಆಗಸ್ಟ್ ಕೊನೆಗೆ ಬೆಂಗಳೂರಿಂದ ಬಂದದ್ದು ಎಟಿಆರ್, ಅಂದರೆ ಫ್ಯಾನಿನ ವಿಮಾನ. ಇರಲಿ, ಕೈ ಪಳಗಲಿ ಅಂತ ದೂರದ ಒಂದು ಗದ್ದೆ ಬದುವಿನ ಮೇಲೆ ನಿಂತೆ. ಎಮ್ಮೆ ಮೇಯಿಸುತ್ತಿದ್ದ ಅಜ್ಜ ಒಬ್ಬರು ಬಂದರು.

"ಯಾವೂರಾಯ್ತು?"

ಹೇಳಿದೆ.

"ಅಲ್ಲಿ ಯಾರ ಪೈಕಿ?"

ಅದನ್ನೂ ಹೇಳಿದೆ. ಅಜ್ಜನ ಸೊಸೆಯ ತವರು ನಮ್ಮೂರಿಂದ ಎರಡು ಮೈಲಿ. ಅಲ್ಲಿಂದ ಹಿಡಿದು, ನಮ್ಮಜ್ಜನ ಕಾಲದಲ್ಲಿ ಆಸ್ತಿ ಪಾಲಾದದ್ದು, ಕೆರೆ ಪಕ್ಕದ ಗದ್ದೆ ಯಾರಿಗೆ ಹೋಯಿತು, ಯಾಕೆ ಹೋಯಿತು, ಎಲ್ಲ ನನ್ನ ಬಾಯಿಂದಲೇ ತೆಗೆದರು. ನಾನು ಯಾವತ್ತೂ ಯಾರಿಗೂ ಹೇಳದ ರಹಸ್ಯಗಳು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ವಿಮಾನ ಇಳಿದಿತ್ತು.

"ಬಂತಲ್ಲ, ನೋಡ್ಲಿಲ್ವನ?" ಅಂದರು ಅಜ್ಜ.

ಆದರೆ ನಾನು ಹೇಳಬೇಕಾದದ್ದು ಯಲಹಂಕದ ಕಥೆ. ವಾಯುನೆಲೆಯ ಒಳಗೆ ಹೋಗಿ ಧೈರ್ಯವಾಗಿ ಯುದ್ಧವಿಮಾನದ ಫೋಟೊ ತೆಗೆಯಬೇಕು ಅಂದರೆ ನಮ್ಮಂಥವರಿಗೆ ಅದೇ ದಾರಿ. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ಏರೋ ಇಂಡಿಯಾ ಅನ್ನೋ ವಿಮಾನ ಪ್ರದರ್ಶನ ನಡೆಯುತ್ತದೆ. 2023ರ ಫೆಬ್ರವರಿಯಲ್ಲಿ ನಾನು ಹೋದಾಗ, ನಿಂತು ನೋಡುವ ಜಾಗಕ್ಕೆ ಟಿಕೆಟ್ 1,000 ರೂಪಾಯಿ. ಅಮೆರಿಕದ ಎಫ್-35 ಯುದ್ಧವಿಮಾನ ಮೊದಲ ಸಲ ಬಂದದ್ದು ಆ ವರ್ಷವೇ.

ಯಲಹಂಕದಲ್ಲಿ ನನ್ನ ಚಿಕ್ಕಪ್ಪನ ಮನೆ ಇದೆ. ಬರುತ್ತೇನೆ ಅಂತ ಫೋನ್ ಮಾಡಿದರೆ ಚಿಕ್ಕಪ್ಪ ಖುಷಿಪಡಲಿಲ್ಲ. "ನಿಮ್ ವಿಮಾನದ ಆಟಕ್ಕೆ ಬೆಂಕಿ ಹಾಕ. ಇಲ್ಲಿ ಕೋಳಿ ಅಂಗಡಿ ಬಾಗ್ಲು ಹಾಕ್ಸಿದಾರೆ ಮಾರಾಯ" ಅಂದರು. ಹೌದು, ಜನವರಿ 30ರಿಂದ ಫೆಬ್ರವರಿ 20ರ ತನಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸ ಮಾರುವ ಹಾಗಿಲ್ಲ ಅಂತ ಆದೇಶ ಆಗಿತ್ತು. ಮಾಂಸದ ತ್ಯಾಜ್ಯ ಬಿದ್ದರೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. ಸರಿಯಾದ ಮಾತೇ. ಆದರೆ ವಾರಕ್ಕೆ ಮೂರು ದಿನ ಕೋಳಿ ಸಾರಿಲ್ಲದೆ ಊಟ ಸೇರದ ಮನುಷ್ಯನಿಗೆ ಅದನ್ನು ಹೇಳುವವರು ಯಾರು? "ಬರೋವಾಗ ಒಣಮೀನು ತಾ. ಮಾರೋದು ತಾನೇ ಬೇಡ ಅಂದಿದ್ದು, ತಿನ್ನೋದಲ್ವಲ್ಲ" ಅಂತ ಕಾನೂನು ಅರ್ಥ ಮಾಡಿಸಿದರು.

ಅಮ್ಮ ಒಂದು ಕೆಜಿ ಒಣಮೀನು ಕಟ್ಟಿದಳು. ಬಟ್ಟೆ ಬ್ಯಾಗಿಗೆ ಹಾಕಿದರೆ ಬಟ್ಟೆ ನಾರುತ್ತದೆ ಅಂತ ಕ್ಯಾಮೆರಾ ಬ್ಯಾಗಿನಲ್ಲಿ ಇಟ್ಟಳು. "ತೋಟಕ್ಕೆ ನೀರು ಬಿಡೋಕೆ ಏಳದವ್ನು ವಿಮಾನ ನೋಡೋಕೆ ನಾಲ್ಕು ಗಂಟೆಗೆ ಎದ್ದಿದಾನೆ" ಅನ್ನುವ ಆಶೀರ್ವಾದವೂ ಸಿಕ್ಕಿತು.

ಮೀನು ಚಿಕ್ಕಪ್ಪನ ಮನೆಯಲ್ಲಿ ಉಳಿಯಿತು. ವಾಸನೆ ನನ್ನ ಜೊತೆ ವಾಯುನೆಲೆಗೆ ಬಂತು.

ಬಿಸಿಲು ಏರಿದ ಹಾಗೆ ಬ್ಯಾಗ್ ತನ್ನ ಗುಣ ತೋರಿಸಿತು. ಪಕ್ಕದಲ್ಲಿ ನನ್ನ ತೋಳಿನಷ್ಟು ಉದ್ದದ ಲೆನ್ಸ್ ಹಿಡಿದ ಹುಡುಗರು ಮೂಗು ಮುಚ್ಚಿಕೊಂಡು ಸ್ವಲ್ಪ ಸ್ವಲ್ಪವೇ ಸರಿದರು. ನನಗೆ ಒಳ್ಳೆ ಜಾಗ ಸಿಕ್ಕಿತು. ಆದರೆ ಮನಸ್ಸಿಗೆ ಸಮಾಧಾನ ಇಲ್ಲ. ಹದ್ದು ಬರಬಾರದು ಅಂತ ಇಡೀ ಯಲಹಂಕಕ್ಕೆ ಬದನೆಕಾಯಿ ತಿನ್ನಿಸಿದ್ದಾರೆ, ನಾನು ಮೀನಿನ ಬ್ಯಾಗ್ ತಂದು ರನ್‌ವೇ ಎದುರಿಗೇ ಇಟ್ಟುಕೊಂಡು ಕೂತಿದ್ದೇನೆ!

ಹಾರಾಟ ಶುರುವಾಯಿತು. ನನ್ನ ಸಮಸ್ಯೆಯೂ ಶುರುವಾಯಿತು. ಮಲೆನಾಡಿನಲ್ಲಿ ನಾವು ಕಿವಿಯಿಂದ ನೋಡುವವರು. ಮರದ ದಟ್ಟಣೆಯಲ್ಲಿ ಕಣ್ಣಿಗೆ ಏನು ಕಾಣುತ್ತದೆ? ಮಂಗಟ್ಟೆ ಹಾರಿದರೆ ರೆಕ್ಕೆಯದ್ದು ಹಳೇ ಉಗಿಬಂಡಿಯ ಸದ್ದು. ಆ ಕಡೆ ಕ್ಯಾಮೆರಾ ತಿರುಗಿಸಿದರೆ ಹಕ್ಕಿ ಅಲ್ಲೇ ಇರುತ್ತದೆ. ಯುದ್ಧವಿಮಾನದ ಹತ್ತಿರ ಈ ವಿದ್ಯೆ ನಡೆಯುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೂರು ಕಿಲೋಮೀಟರ್ ದೂರದ ವಿಮಾನದ ಸದ್ದು ನನ್ನ ಕಿವಿಗೆ ಬರೋಕೆ ಒಂಬತ್ತು ಸೆಕೆಂಡು ಬೇಕು. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿರುವ ವಿಮಾನ ಅಷ್ಟರಲ್ಲಿ ಎರಡು ಕಿಲೋಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಈ ಲೆಕ್ಕ ನನಗೆ ಗೊತ್ತು. ನನ್ನ ಕುತ್ತಿಗೆಗೆ ಗೊತ್ತಿಲ್ಲ. ಸುಖೋಯ್ ಬಂದಾಗಲೆಲ್ಲ ಸಾವಿರಾರು ಜನ ಬಲಕ್ಕೆ ನೋಡುತ್ತಿದ್ದರು, ನಾನೊಬ್ಬ ಎಡಕ್ಕೆ.

ಸಾರಂಗ್ ಹೆಲಿಕಾಪ್ಟರುಗಳು ನಿಧಾನ. ನವಿಲಿನ ಬಣ್ಣ ಬಳಿದುಕೊಂಡು ಎದುರಿಗೇ ಕುಣಿದವು. ಸಿಕ್ಕಿತು ಅಂತ ಹಕ್ಕಿಗೆ ಇಡುವ ಹಾಗೆ ಶಟರ್ ವೇಗ 1/2000 ಸೆಕೆಂಡಿಗೆ ಇಟ್ಟು ಹೊಡೆದೆ. ಎಲ್ಲ ಸ್ಪಷ್ಟ. ಜಾಸ್ತಿಯೇ ಸ್ಪಷ್ಟ. ಮೇಲಿನ ರೆಕ್ಕೆ ತಿರುಗದೆ ನಿಂತಿವೆ, ಜಾತ್ರೆಯಲ್ಲಿ ದಾರಕ್ಕೆ ನೇತುಹಾಕಿದ ಆಟಿಕೆಯ ಹಾಗೆ. ರೆಕ್ಕೆ ತಿರುಗುವುದು ಕಾಣಬೇಕಾದರೆ ಶಟರ್ 1/125 ಅಥವಾ ಇನ್ನೂ ನಿಧಾನಕ್ಕೆ ಇಡಬೇಕು. ಇಟ್ಟೆ. ಈಗ ರೆಕ್ಕೆಯ ಜೊತೆ ಹೆಲಿಕಾಪ್ಟರೂ, ಆಕಾಶವೂ, ಮುಂದಿನವರ ಟೋಪಿಯೂ ತಿರುಗಿದವು.

ಸೂರ್ಯಕಿರಣ ತಂಡದ್ದು ಒಂಬತ್ತು ಹಾಕ್ ವಿಮಾನ. ನನ್ನ ಫೋಟೊದಲ್ಲಿ ನಾಲ್ಕೂವರೆ.

ಇನ್ನು ಲೆನ್ಸಿನ ವಿಷಯ. ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟಕ್ಕೆ ಬೂಷ್ಟು ಬರುತ್ತದೆ. ಲೆನ್ಸೇನು ಮೇಲಿನಿಂದ ಇಳಿದು ಬಂದದ್ದಾ? ಗಾಳಿಯಾಡದ ಚಕ್ಕುಲಿ ಡಬ್ಬದಲ್ಲಿ ಇಟ್ಟಿದ್ದೆ. ಯಾರೋ ಚಕ್ಕುಲಿ ಹುಡುಕಿ, ಸಿಗದ ಸಿಟ್ಟಿಗೆ ಮುಚ್ಚಳ ಹಾಕದೆ ಹೋಗಿದ್ದರು. ಒಳಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು ಹಬ್ಬಿತ್ತು. ಫೆಬ್ರವರಿಯ ಸುಡುಬಿಸಿಲಿನ ಯಲಹಂಕ ನನ್ನ ಫೋಟೊದಲ್ಲಿ ಆಗುಂಬೆಯ ಮಂಜಿನ ಹಾಗೆ ಬಂದಿದೆ.

ಮಧ್ಯಾಹ್ನದ ಹೊತ್ತಿಗೆ ತೇಜಸ್ ಬಂತು. ಈ ಸಲ ಹಲ್ಲು ಕಚ್ಚಿ ಎಲ್ಲರೂ ನೋಡುವ ಕಡೆಗೇ ನೋಡಿದೆ. ವಿಮಾನ ಕಾಣಿಸಿತು. ಕ್ಯಾಮೆರಾ ಕುಯ್ ಅಂತ ಹುಡುಕಿ, ಫೋಕಸ್ ಹಿಡಿದು, ಪಟಪಟ ಅಂತ ಇಪ್ಪತ್ತು ಫೋಟೊ ತೆಗೆಯಿತು. ನನ್ನ ಎದೆಯೂ ಹಾಗೇ ಹೊಡೆದುಕೊಂಡಿತು.

ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಎಲ್ಲವನ್ನೂ ಟಿವಿಗೆ ಹಾಕಿದೆವು. ಚಿಕ್ಕಮ್ಮ ಒಣಮೀನಿನ ಸಾರು ಕುದಿಯೋಕೆ ಬಿಟ್ಟು ಬಂದು ಕೂತರು. ಮಂಜು, ಮಂಜು, ಖಾಲಿ ಆಕಾಶ, ಆಟಿಕೆ, ಟೋಪಿ. ಆಮೇಲೆ ಬಂತು ಆ ಇಪ್ಪತ್ತು. ಹಿಂದೆ ದೂರದಲ್ಲಿ ಸೊಳ್ಳೆಯಷ್ಟು ಮಸುಕಾದ ತೇಜಸ್. ಮುಂದೆ ಪರದೆ ತುಂಬ ಒಂದು ಹದ್ದು. ಮಂಜಿನ ಒಳಗಿಂದಲೂ ಕೊಕ್ಕಿನ ತುದಿ, ಕಣ್ಣಿನ ಹೊಳಪು, ರೆಕ್ಕೆಯ ಒಂದೊಂದು ಗರಿ ಎಣಿಸಬಹುದು. ಹತ್ತು ವರ್ಷ ಹಕ್ಕಿ ಹಿಂದೆ ಅಲೆದವನ ಕ್ಯಾಮೆರಾ, ತನಗೆ ಗೊತ್ತಿದ್ದನ್ನೇ ಹಿಡಿದಿದೆ.

ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಟಿವಿ ಹತ್ತಿರ ಹೋದರು.

"ಇದಕ್ಕೇನಾ ಎರಡು ವಾರದಿಂದ ನಂಗೆ ಬದನೆಕಾಯಿ ಪಲ್ಯ?"

"ಇದಕ್ಕೇ ಚಿಕ್ಕಪ್ಪ."

ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು.

"ಮೈಕೈ ತುಂಬ್ಕೊಂಡು ಚೆನ್ನಾಗೇ ಇದೆ ನೋಡು" ಅಂದರು. "ಅದಕ್ಕೇನೂ ಕಮ್ಮಿ ಆಗಿಲ್ಲ."