ಜೂ ರೋಡ್‌ಗೆ ಒಂದು ಹೆಸರಿದೆ, ಸ್ವಾಮಿ

ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ಕಲ್ಯಾಣ ಮಂಟಪದಲ್ಲಿ ಅಸ್ಸಾಮಿನ ಹುಡುಗರು ಬಿಹು ಹಬ್ಬ ಮಾಡಿದರು. ಸೆಕ್ಯೂರಿಟಿ ಕೆಲಸದವರು, ಹೋಟೆಲ್ ಅಡುಗೆಮನೆಯವರು, ಪಾರ್ಲರ್ ಹುಡುಗಿಯರು, ಒಂದಿಷ್ಟು ಸಾಫ್ಟ್‌ವೇರ್‌ನವರು, ಎಲ್ಲ ಸೇರಿ ತಲೆಗಿಷ್ಟು ಅಂತ ದುಡ್ಡು ಹಾಕಿ ಬಾಡಿಗೆ ಕಟ್ಟಿದ್ದರು. ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಢೋಲ್ ಶುರುವಾದ ಮೇಲೆ ಸುಮ್ನೆ ಕೂರೋದು ಕಷ್ಟ. ಅದರ ಮೇಲೆ ಎಮ್ಮೆ ಕೊಂಬಿನ ಪೇಪಾ ಊದಿದರೆ ಮುಗಿದೇ ಹೋಯಿತು. ಮಂಡಿ ನೋವಿಲ್ಲದಿದ್ದರೆ ನಾನೂ ಎದ್ದುಬಿಡುತ್ತಿದ್ದೆ, ಆ ವಿಡಿಯೊ ನೋಡುವ ಕಷ್ಟ ನಿಮಗೆ ತಪ್ಪಿತು.

ಪಕ್ಕದ ಕುರ್ಚಿಯಲ್ಲಿ ನಮ್ಮ ಬ್ಲಾಕಿನ ಹಿರಿಯರೊಬ್ಬರಿದ್ದರು. ಓದಿಕೊಂಡವರು, ಎರಡು ಪೇಪರ್ ತರಿಸುತ್ತಾರೆ. ಅವರು ನನ್ನ ಕಡೆ ಬಗ್ಗಿ, "ಈ ನೇಪಾಳದವರು ಎಷ್ಟು ಚೆನ್ನಾಗಿ ಕುಣೀತಾರೆ ನೋಡಿ ಮೇಡಂ" ಅಂದರು. "ಅಸ್ಸಾಂ ಸಾರ್" ಅಂದೆ. "ಹಾಂ ಹಾಂ, ಅದೇ, ಆ ಕಡೆಯವರು" ಅಂದರು.

ಆ ಕಡೆ! ಎಂಟು ರಾಜ್ಯ, ಇನ್ನೂರಕ್ಕೂ ಮೀರಿದ ಭಾಷೆಗಳು, ಬ್ರಹ್ಮಪುತ್ರದಂಥ ಒಂದು ನದಿ, ಎಲ್ಲ ಸೇರಿ 'ಆ ಕಡೆ'. ಉತ್ತರದವರು ನಮ್ಮನ್ನೆಲ್ಲ ಒಟ್ಟಿಗೆ ಮದರಾಸಿ ಅಂದಾಗ ಇದೇ ಜನ ಉರಿದು ಬೀಳುತ್ತಾರೆ.

ಸರಿ, ಅವರನ್ನು ಬೈಯೋಕೆ ಈ ಪೋಸ್ಟ್ ಅಲ್ಲ. ಹಾಗೆ ನೋಡಿದರೆ ಬೈಸಿಕೊಳ್ಳಬೇಕಾದವಳು ನಾನೇ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಬ್ಯಾಂಕಿನವರು ನನ್ನನ್ನು ಗುವಾಹಟಿಗೆ ಎತ್ತಿಹಾಕಿದ್ದು, ನಾನು ಅತ್ತುಕೊಂಡು ಹೋಗಿದ್ದು, ಮೂರು ವರ್ಷ ಆದ ಮೇಲೆ ಮತ್ತೆ ಅತ್ತುಕೊಂಡು ವಾಪಸ್ ಬಂದಿದ್ದು ಇಲ್ಲಿರುವ ಹಳಬರಿಗೆಲ್ಲ ಗೊತ್ತು. ಆ ಮೂರು ವರ್ಷವೂ ನಾನಿದ್ದದ್ದು ಜೂ ರೋಡ್‌ನ ಒಂದು ಗಲ್ಲಿಯಲ್ಲಿ. 1957ರಲ್ಲಿ ಶುರುವಾದ ಅಸ್ಸಾಂ ರಾಜ್ಯ ಮೃಗಾಲಯ ಹತ್ತಿರವೇ. ರಾತ್ರಿ ಗಾಡಿ ಸದ್ದು ಅಡಗಿದ ಮೇಲೆ ಒಂದೊಂದು ದಿನ ಸಿಂಹದ ದನಿ ಕೇಳುತ್ತಿತ್ತು. ಮೊದಲ ಸಲ ಕೇಳಿದಾಗ ಎದ್ದು ಬಾಗಿಲ ಚಿಲಕ ನೋಡಿಕೊಂಡು ಬಂದಿದ್ದೆ.

ಆಟೋದವನಿಗೆ ಜೂ ರೋಡ್ ಅಂದರೆ ಸಾಕು. ತರಕಾರಿಯವನು, ಗ್ಯಾಸ್‌ನವನು, ನಮ್ಮ ಬ್ರಾಂಚಿನ ಮ್ಯಾನೇಜರು, ಎಲ್ಲರ ಬಾಯಲ್ಲೂ ಜೂ ರೋಡ್. ಆದರೆ ಅರ್ಜಿ ಫಾರ್ಮಿನಲ್ಲಿ ವಿಳಾಸ ಬರೆಯುವಾಗ ಮಾತ್ರ ಆರ್.ಜಿ. ಬರುವಾ ರೋಡ್. ಮೂರು ವರ್ಷದಲ್ಲಿ ಅದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಬರುವಾ ಯಾರು ಅಂತ ಒಂದು ದಿನವೂ ಕೇಳಲಿಲ್ಲ. ಯಾರೋ ಮಂತ್ರಿ ಇರಬೇಕು ಅಂದುಕೊಂಡಿದ್ದೆ. ನಮ್ಮ ದೇಶದಲ್ಲಿ ರಸ್ತೆಗೆ ಹೆಸರು ಬೇಕು ಅಂದರೆ ಮಂತ್ರಿಯಾಗಿರಬೇಕು, ಇಲ್ಲ ಮಂತ್ರಿಯ ಅಪ್ಪ ಆಗಿರಬೇಕು ಅಲ್ವಾ?

ಹೇಳಿದ್ದು ನಮ್ಮ ಮನೆ ಮಾಲೀಕರ ತಂದೆ. ಮನೆ ಮಕ್ಕಳೆಲ್ಲ ಅವರನ್ನು ಕೊಕಾ ಅನ್ನುತ್ತಿದ್ದರು, ಅಂದರೆ ಅಜ್ಜ, ನಾನೂ ಹಾಗೇ ಕರೆಯುತ್ತಿದ್ದೆ. ಹಾಲಿಲ್ಲದ ಕೆಂಪು ಚಹಾ, ಕೈಯಲ್ಲಿ ಅಸ್ಸಾಂ ಟ್ರಿಬ್ಯೂನ್ ಅನ್ನುವ ಇಂಗ್ಲಿಷ್ ಪೇಪರ್, ಜಗಲಿ ಮೇಲೆ ಬೆತ್ತದ ಕುರ್ಚಿ. ನಾನು ಊರು ಬಿಡುವ ತಿಂಗಳಲ್ಲಿ ವಿಳಾಸ ಬದಲಾವಣೆ ಫಾರ್ಮ್ ತುಂಬುತ್ತಾ ಅವರನ್ನೇ ಕೇಳಿದೆ. ಅವರು ಕೈಲಿದ್ದ ಪೇಪರನ್ನು ಮಡಿಸಿ ನನ್ನ ಮುಂದೆ ಹಿಡಿದು, "ಇದನ್ನ ಮಾಡಿದವನು" ಅಂದರು. ಮೂರು ವರ್ಷ ದಿನಾ ಬೆಳಗ್ಗೆ ಅದೇ ಪೇಪರ್ ಓದಿದ್ದೆ!

ರಾಧಾಗೋವಿಂದ ಬರುವಾ. 1900ರಲ್ಲಿ ಹುಟ್ಟಿ 1977ರಲ್ಲಿ ತೀರಿಕೊಂಡವರು. ಅಲ್ಲಿನವರು ಅವರನ್ನು ಸಿಂಹಪುರುಷ ಅನ್ನುತ್ತಾರೆ. (ಅವರ ರಸ್ತೆಯಲ್ಲಿ ರಾತ್ರಿ ಕೂಗುತ್ತಿದ್ದದ್ದೂ ಸಿಂಹವೇ. ನಾನು ಚಿಲಕ ಹಾಕಿಕೊಂಡು ಮಲಗಿದೆ.)

1939ರ ಆಗಸ್ಟ್ 4ರಂದು ದಿಬ್ರುಗಢದಿಂದ ಟ್ರಿಬ್ಯೂನ್ ಶುರು ಮಾಡಿದರು, ವಾರಪತ್ರಿಕೆಯಾಗಿ. ಮೊದಲ ಸಂಪಾದಕರು ಲಕ್ಷ್ಮೀನಾಥ ಫುಕನ್. ಅದೆಂಥ ಗಳಿಗೆ ನೋಡಿ, ಇನ್ನು ತಿಂಗಳು ತುಂಬುವುದರೊಳಗೆ ಯೂರೋಪಿನಲ್ಲಿ ಮಹಾಯುದ್ಧ ಶುರು. ಇದಕ್ಕೆ ನಾಲ್ಕು ವರ್ಷ ಮೊದಲು, 1935ರಲ್ಲಿ, ಜೋರಹಾಟ್ ಕಡೆ ಶಿವಪ್ರಸಾದ ಬರುವಾ ಅನ್ನುವ ದೊಡ್ಡ ಚಹಾ ತೋಟದ ಮಾಲೀಕರು ಅಸ್ಸಾಮಿ ಭಾಷೆಯ ಮೊದಲ ದಿನಪತ್ರಿಕೆ 'ದೈನಿಕ್ ಬಾತರಿ' ತಂದಿದ್ದರು. ಅಷ್ಟು ದುಡ್ಡಿದ್ದವರ ಪತ್ರಿಕೆಯೇ ಹೆಚ್ಚು ದಿನ ಉಳಿಯಲಿಲ್ಲ. ಅದು ಕಣ್ಣ ಮುಂದೆಯೇ ಮುಚ್ಚಿದ್ದನ್ನು ನೋಡಿದ ಮೇಲೂ ಒಬ್ಬ ಮನುಷ್ಯ ಪತ್ರಿಕೆ ಮಾಡುತ್ತೇನೆ ಅಂತ ಹೊರಟರೆ ಮನೆಯವರು ಏನಂದಿರಬಹುದು? ನಮ್ಮ ಮನೆಯಲ್ಲಾಗಿದ್ದರೆ ಜಾತಕ ತೋರಿಸಿಕೊಂಡು ಬಾ ಅನ್ನುತ್ತಿದ್ದರು.

1946ರಲ್ಲಿ ಪತ್ರಿಕೆ ದಿನಪತ್ರಿಕೆಯಾಯಿತು, ಗುವಾಹಟಿಯಿಂದ. ಮರುವರ್ಷವೇ ದೇಶ ಎರಡಾಯಿತು. ಅಸ್ಸಾಮಿಗೆ ಹೋಗುವ ರೈಲು ದಾರಿ ಪೂರ್ವ ಬಂಗಾಳದ ಮೇಲೆ ಹಾದು ಹೋಗುತ್ತಿತ್ತು, ಅದು ಕಡಿದೇ ಹೋಯಿತು. ಹೊಸ ದಾರಿ ಹಾಕಿ ರೈಲು ಬಿಡುವಷ್ಟರಲ್ಲಿ 1950. ಆ ವರ್ಷ ಆಗಸ್ಟ್‌ನಲ್ಲಿ ಭಯಂಕರ ಭೂಕಂಪ. ಬ್ರಹ್ಮಪುತ್ರಕ್ಕೆ ಆಗಿನ್ನೂ ಸೇತುವೆ ಇಲ್ಲ, ಸರಾಯ್‌ಘಾಟ್ ಸೇತುವೆ ಆಗಿದ್ದು ಅರವತ್ತರ ದಶಕದಲ್ಲಿ. ರಾಜಧಾನಿ ಆಗ ಬೆಟ್ಟದ ಮೇಲೆ, ಶಿಲ್ಲಾಂಗ್‌ನಲ್ಲಿ. ಕಾಗದ ಎಲ್ಲಿಂದ ಬರಬೇಕು, ಶಾಯಿ ಎಲ್ಲಿಂದ, ಯಂತ್ರದ ಒಂದು ಬೋಲ್ಟ್ ಹೋದರೆ ಅದು ಎಲ್ಲಿಂದ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್‌ನ ಬಿಡಿಭಾಗ ಬೊಮ್ಮಸಂದ್ರದಿಂದ ಬರೋಕೆ ಹನ್ನೊಂದು ದಿನ ಹಿಡಿಯಿತು.

ಆಮೇಲೆ 1955ರಲ್ಲಿ 'ಅಸಮ್ ಬಾಣಿ' ಅನ್ನುವ ಅಸ್ಸಾಮಿ ವಾರಪತ್ರಿಕೆ, 1965ರಲ್ಲಿ 'ದೈನಿಕ್ ಅಸಮ್' ಅನ್ನುವ ದಿನಪತ್ರಿಕೆ. ಮೊದಲು ಇಂಗ್ಲಿಷ್, ಆಮೇಲೆ ಸ್ವಂತ ಭಾಷೆ. ಇದು ನಮಗೆ ಹೊಸದೇನಲ್ಲ, 1948ರಲ್ಲಿ ಇಲ್ಲೂ ಡೆಕ್ಕನ್ ಹೆರಾಲ್ಡ್ ಮೊದಲು ಬಂತು, ಪ್ರಜಾವಾಣಿ ಅದೇ ವರ್ಷ ಆಮೇಲೆ. ಅಸ್ಸಾಮಿನವರಿಗೆ ತಮ್ಮ ಭಾಷೆಯ ಪತ್ರಿಕೆ ಅಂದರೆ ಅಭಿಮಾನ ಇನ್ನೂ ಒಂದು ಕೈ ಜಾಸ್ತಿ. 1836ರಿಂದ 1873ರವರೆಗೆ ಅವರ ಕೋರ್ಟಿನಲ್ಲಿ, ಶಾಲೆಯಲ್ಲಿ ಬಂಗಾಳಿ ಹೇರಿದ್ದರು. ಮೊದಲ ಅಸ್ಸಾಮಿ ಪತ್ರಿಕೆ 'ಅರುಣೋದೈ' 1846ರಲ್ಲಿ ಶಿವಸಾಗರದಲ್ಲಿ ಪಾದ್ರಿಗಳ ಕೈಯಿಂದ ಬಂತು. ನಮ್ಮ ಮಂಗಳೂರ ಸಮಾಚಾರ ಬಂದು ಆಗ ಮೂರೇ ವರ್ಷ, ಅದೂ ಪಾದ್ರಿಗಳದ್ದೇ. ಇದನ್ನೆಲ್ಲ ಕೊಕಾಗೆ ಹೇಳಿದಾಗ ಅವರು ನನ್ನ ಕಡೆ ಮೊದಲ ಸಲ ಮನುಷ್ಯರನ್ನು ನೋಡುವ ಹಾಗೆ ನೋಡಿದರು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಪೇಪರ್ ಮಾಲೀಕರು ಬಹಳ ಜನ ಇದ್ದಾರೆ. ಆದರೆ ಈ ಮನುಷ್ಯನಿಗೆ ಪೇಪರ್ ಮಾಡಿ ಸಾಕಾಗಲಿಲ್ಲ, ಊರು ಕಟ್ಟೋಕೆ ಹೊರಟರು. ಅಸ್ಸಾಮಿನಲ್ಲಿ 'ಲಾಹೆ ಲಾಹೆ' ಅನ್ನುವ ಮಾತಿದೆ, ನಿಧಾನಕ್ಕೆ, ಅವಸರ ಯಾಕೆ ಅಂತ. ಬ್ಯಾಂಕಿನಲ್ಲಿ ದಿನಕ್ಕೆ ನಲವತ್ತು ಸಲ ಕೇಳಿ ತಲೆ ಕೆಟ್ಟಿತ್ತು ನನಗೆ. ಅಂಥ ಊರಿನಲ್ಲಿ ಇವರೊಬ್ಬರು ಅವಸರದ ಮನುಷ್ಯ ಹುಟ್ಟಿಬಿಟ್ಟರು.

ಫುಟ್‌ಬಾಲ್ ತಗೊಳ್ಳಿ. 1952ರಲ್ಲಿ ಬೊರ್ದೊಲೊಯಿ ಟ್ರೋಫಿ ಶುರುವಾಯಿತು, ಅದರ ಹಿಂದೆ ಓಡಾಡಿದವರು ಇವರು. ಕಲ್ಕತ್ತೆಯ ದೊಡ್ಡ ಕ್ಲಬ್‌ಗಳು ಬಂದವು, ಮುಂದೆ ಥಾಯ್ಲೆಂಡ್‌ನ ತಂಡಗಳೂ ಬಂದು ಆಡಿದವು. ಕೊಕಾ ಚಿಕ್ಕವರಿದ್ದಾಗ ಮರ ಹತ್ತಿ ನೋಡಿದ್ದರಂತೆ, ಒಂದು ಕೊಂಬೆ ಮುರಿದ ಕಥೆಯನ್ನು ನನಗೇ ನಾಲ್ಕು ಸಲ ಹೇಳಿದ್ದಾರೆ. ಜನ ಕೂತು ನೋಡೋಕೆ ಸ್ಟೇಡಿಯಂ ಬೇಕು ಅಂತಾಯಿತು. 1962ರಲ್ಲಿ ಗುವಾಹಟಿಯ ಉಲುಬಾರಿಯಲ್ಲಿ ಸ್ಟೇಡಿಯಂ ಆಯಿತು. 1983ರ ಡಿಸೆಂಬರ್‌ನಲ್ಲಿ, ನಾವು ವಿಶ್ವಕಪ್ ಗೆದ್ದ ಆರು ತಿಂಗಳಿಗೆ, ವೆಸ್ಟ್ ಇಂಡೀಸ್ ಬಂದು ಸೇಡು ತೀರಿಸಿಕೊಂಡ ಏಕದಿನ ಪಂದ್ಯಗಳಲ್ಲಿ ಒಂದು ನಡೆದದ್ದು ಅಲ್ಲೇ. ಕಟ್ಟಿಸಿದವರು ಅದನ್ನು ನೋಡೋಕೆ ಇರಲಿಲ್ಲ.

ಈಗ ನನ್ನ ಹೊಟ್ಟೆಯುರಿ ಕೇಳಿ. ಟ್ರೋಫಿಗೆ ಹೆಸರು ಗೋಪಿನಾಥ ಬೊರ್ದೊಲೊಯಿ ಅವರದ್ದು. ಸರಿ, ಅಸ್ಸಾಮನ್ನು ಭಾರತದಲ್ಲೇ ಉಳಿಸಿಕೊಂಡ ಮುಖ್ಯಮಂತ್ರಿ, ತಕರಾರಿಲ್ಲ. ಸ್ಟೇಡಿಯಂಗೆ ಹೆಸರು ನೆಹರೂ ಅವರದ್ದು. ಅದೇ 1962ರ ನವೆಂಬರ್‌ನಲ್ಲಿ ಚೀನಾ ಸೈನ್ಯ ಇಳಿದು ಬರುತ್ತಿದ್ದಾಗ, ತೇಜಪುರ ಖಾಲಿಯಾಗುತ್ತಿದ್ದಾಗ, ನೆಹರೂ ರೇಡಿಯೊದಲ್ಲಿ, ಕೈ ಬಿಟ್ಟವರ ಹಾಗೆ, ಅಸ್ಸಾಮಿನ ಜನರಿಗಾಗಿ ಮನಸ್ಸು ಮರುಗುತ್ತದೆ ಅಂದದ್ದನ್ನು ಅಲ್ಲಿನ ಹಿರಿಯರು ಇವತ್ತಿಗೂ ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಆದರೂ ಸ್ಟೇಡಿಯಂ ನೆಹರೂ ಸ್ಟೇಡಿಯಂ. ಸುತ್ತಲಿನ ಕ್ರೀಡಾ ಸಂಕೀರ್ಣಕ್ಕೆ ಆರ್.ಜಿ. ಬರುವಾ ಹೆಸರಿದೆ, ಬೋರ್ಡಿನಲ್ಲಿ. ಬಾಯಲ್ಲಿ ಯಾರೂ ಅನ್ನಲ್ಲ. ಒಂದು ರಸ್ತೆ ಕೊಟ್ಟರು, ಅದನ್ನು ಸಿಂಹ, ಹುಲಿ, ಘೇಂಡಾಮೃಗ ಸೇರಿ ಕಿತ್ತುಕೊಂಡವು.

ಇನ್ನು ಬಿಹು. ಇದಕ್ಕೇ ನಾನು ಮೊನ್ನೆ ಆ ಹಿರಿಯರ ಪಕ್ಕ ಕೂತು ಕುದ್ದದ್ದು. ಬಿಹು ಅಂದರೆ ಹಳ್ಳಿಯ ಬಯಲು, ಮರದ ಕೆಳಗೆ ಹುಡುಗ ಹುಡುಗಿಯರು ಹಾಡಿ ಕುಣಿಯುವುದು, ಹುಸೊರಿ ತಂಡ ಮನೆ ಮನೆಗೆ ಬಂದು ಅಂಗಳದಲ್ಲಿ ಹರಸುವುದು. ಪೇಟೆಯ ಮರ್ಯಾದಸ್ಥರಿಗೆ ಒಂದು ಕಾಲದಲ್ಲಿ ಅದು ನಾಚಿಕೆಯ ವಿಷಯ. ನಮ್ಮಲ್ಲಿ ಡೊಳ್ಳನ್ನು, ಲಾವಣಿಯನ್ನು ಮೂಗು ಮುರಿದು ನೋಡಿದ ಹಾಗೆ. ಅಂಥ ಬಿಹುವನ್ನು 1950ರ ದಶಕದ ಆರಂಭದಲ್ಲಿ ಗುವಾಹಟಿಯ ನಡುಮಧ್ಯೆ, ಲತಾಶಿಲ್ ಮೈದಾನದಲ್ಲಿ, ವೇದಿಕೆ ಹಾಕಿಸಿ ಎಲ್ಲರ ಎದುರು ತಂದವರಲ್ಲಿ ಮುಂದೆ ನಿಂತವರು ಈ ಪೇಪರ್ ಮಾಲೀಕರು. ನಾಚುತ್ತಿದ್ದವರೇ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದು ಕೂತರು. 2023ರಲ್ಲಿ ಗುವಾಹಟಿಯಲ್ಲಿ 11 ಸಾವಿರಕ್ಕೂ ಜಾಸ್ತಿ ಕಲಾವಿದರು ಒಟ್ಟಿಗೆ ಬಿಹು ಮಾಡಿ ಗಿನ್ನೆಸ್ ದಾಖಲೆ ಮಾಡಿದರಲ್ಲ, ಆ ದಾರಿ ಶುರುವಾದದ್ದು ಲತಾಶಿಲ್‌ನಿಂದ. ಮೊನ್ನೆ ನಮ್ಮ ಕಲ್ಯಾಣ ಮಂಟಪದಲ್ಲಿ, ಮದುವೆ ಹೂವಿನ ಕಮಾನು ಇನ್ನೂ ಬಿಚ್ಚದ ಸ್ಟೇಜಿನ ಮೇಲೆ ಕುಣಿದದ್ದೂ ಅದೇ ದಾರಿಯ ಮುಂದುವರಿಕೆ.

ಕೆಲವರು ತಕರಾರು ತೆಗೆಯುತ್ತಾರೆ, ಗೊತ್ತು. ಸ್ಟೇಜಿಗೆ ಹತ್ತಿಸಿ ಬಿಹುವನ್ನು ಕೆಡಿಸಿದರು, ಈಗ ಬರೀ ಸ್ಪರ್ಧೆ, ಸ್ಪಾನ್ಸರ್ ಬ್ಯಾನರ್, ಕಿವಿ ಹರಿಯುವ ಸ್ಪೀಕರ್, ಮೂಲದ್ದೇನೂ ಉಳಿದಿಲ್ಲ ಅಂತ. ಗುವಾಹಟಿಯ ನನ್ನ ಸಹೋದ್ಯೋಗಿಯೊಬ್ಬರು ಪ್ರತಿ ಏಪ್ರಿಲ್‌ನಲ್ಲೂ ಇದನ್ನೇ ಭಾಷಣ ಮಾಡುತ್ತಿದ್ದರು. ಮಾಡಿ ಮುಗಿಸಿ ಸಂಜೆ ಲತಾಶಿಲ್‌ಗೇ ಹೋಗುತ್ತಿದ್ದರು. ಮಾತಿನಲ್ಲಿ ನಿಜ ಇಲ್ಲ ಅಂತಲ್ಲ, ಸ್ಪೀಕರ್ ವಿಷಯದಲ್ಲಂತೂ ನೂರಕ್ಕೆ ನೂರು ನಿಜ. ಆದರೆ ಮರದ ಕೆಳಗಿನ ಬಿಹುವನ್ನು ಯಾರೂ ಕಡಿದು ಹಾಕಲಿಲ್ಲ, ಹಳ್ಳಿಗಳಲ್ಲಿ ಅದು ಇನ್ನೂ ಇದೆ. ಬೆಂಗಳೂರಿನಲ್ಲಿ ಪಾಳಿ ಮುಗಿಸಿ ಬಂದ ಸೆಕ್ಯೂರಿಟಿ ಹುಡುಗ ಯಾವ ಮರದ ಕೆಳಗೆ ಕುಣಿಯಬೇಕು ಹೇಳಿ? ಇರೋ ಮರಕ್ಕೆಲ್ಲ ಪಿಜಿ ಬೋರ್ಡ್ ಹೊಡೆದಿದ್ದೇವೆ.

ಇನ್ನೊಂದು ಮಾತು ನಮ್ಮ ಕಸಿನ್ ಹೇಳಿದ. ಇದನ್ನೆಲ್ಲ ಫೋನಿನಲ್ಲಿ ಅವನಿಗೆ ಹೇಳಿದರೆ, "ಅಕ್ಕಾ, ಪೇಪರ್ ಮಾಲೀಕ ಸ್ಟೇಡಿಯಂ ಕಟ್ಟಿದರೆ ಆಟದ ಸುದ್ದಿ ಸಿಗುತ್ತೆ, ಪೇಪರ್ ಖರ್ಚಾಗುತ್ತೆ, ಅದರಲ್ಲೇನು ದಾನ" ಅಂದ. ಎಂಬಿಎ ಮಾಡಿದವನು, ಪಾಪ. ಇರಲಿ ಕಣೋ, ಲಾಭವೂ ಆಗಿರಲಿ. ನಾನು ಹೇಳುವುದು ಅದೇ, ಅಂಥ ಲಾಭದ ಆಸೆಯಾದರೂ ಇವತ್ತಿನವರಿಗೆ ಯಾಕಿಲ್ಲ? ಇವತ್ತಿನ ಚಾನೆಲ್ ಮಾಲೀಕರು ಊರಿಗೆ ಕಟ್ಟಿಕೊಟ್ಟಿದ್ದು ಏನು, ಸ್ಟುಡಿಯೊ ಬಿಟ್ಟು? ರಾತ್ರಿ ಒಂಬತ್ತಕ್ಕೆ ಆರು ಜನರನ್ನು ಕೂರಿಸಿ ಕಿರುಚಿಸೋದು ಬಿಟ್ಟು? ದಾನ ಅಂದರೆ ದೊಡ್ಡ ಥರ್ಮಾಕೋಲ್ ಚೆಕ್ ಹಿಡಿದು ಫೋಟೊಗೆ ನಿಲ್ಲೋದು ಅಂತ ಆಗಿದೆ. ಬರುವಾ ಕಟ್ಟಿಸಿದ್ದರಲ್ಲಿ ಆಡಬಹುದಿತ್ತು, ಕೂರಬಹುದಿತ್ತು, ಮರ ಹತ್ತುವ ಹುಡುಗರಿಗೆ ಕೊಂಬೆ ಮುರಿಯುವ ಚಿಂತೆ ತಪ್ಪಿತು.

ನೋಡಿ, ಮತ್ತೆ ಸಿಟ್ಟು ಬಂತು. ಬಿಪಿ ಮಾತ್ರೆ ತಗೊಂಡು ಬಂದು ಮುಂದುವರಿಸುತ್ತಿದ್ದೇನೆ.

ನಿಜ ಹೇಳಬೇಕು ಅಂದರೆ ಸಿಟ್ಟು ನನ್ನ ಮೇಲೇ ಜಾಸ್ತಿ. 'ಆ ಕಡೆ' ಅಂದ ಹಿರಿಯರು ಗುವಾಹಟಿ ನೋಡಿದವರಲ್ಲ. ನಾನು ಮೂರು ವರ್ಷ ಆ ಮನುಷ್ಯನ ರಸ್ತೆಯಲ್ಲೇ ನಡೆದು, ಅವರ ಪೇಪರ್ ಮೇಲೆ ಚಹಾ ಲೋಟ ಇಟ್ಟು ಉಂಗುರ ಮೂಡಿಸಿ, ಲತಾಶಿಲ್‌ನಲ್ಲಿ ಬಿಹು ನೋಡುತ್ತಾ ಅಕ್ಕಿ ಹಿಟ್ಟಿನ ಪಿಠಾ ತಿಂದು, ಹೊರಡುವ ತಿಂಗಳು ಕೇಳಿದೆ, ಯಾರು ಇವರು ಅಂತ. ಕೊಕಾ ಈಗಿಲ್ಲ, ಕೋವಿಡ್‌ಗೂ ಮುಂಚೆ ಹೋದರು. ಅವರು ಹೊದಿಸಿ ಕಳಿಸಿದ ಗಮೋಸಾ, ಕೆಂಪು ಅಂಚಿನ ಬಿಳಿ ಶಲ್ಯ, ನನ್ನ ಬೀರುವಿನಲ್ಲಿದೆ. ಮೊನ್ನೆ ಅದನ್ನೇ ಕೊರಳಿಗೆ ಹಾಕಿಕೊಂಡು ಹೋಗಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ಢೋಲ್ ಬಾರಿಸಿದ ಹುಡುಗ ಸಿಕ್ಕಿದ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು, ನಮ್ಮ ಎದುರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿರುತ್ತಾನೆ. ಗಮೋಸಾ ನೋಡಿ 'ಬಾಯ್‌ದೇವ್' ಅಂತ ಕರೆದ, ಅಕ್ಕ ಅಂತ. ನನಗೋ ಖುಷಿ, ತಲೆ ತುಂಬ ಇದೇ ಇತ್ತಲ್ಲ, ಕೇಳಿಯೇಬಿಟ್ಟೆ, "ಆರ್.ಜಿ. ಬರುವಾ ಅಂದ್ರೆ ಗೊತ್ತಾ ನಿನಗೆ?"

ಅವನ ಮುಖ ಅರಳಿತು. "ಗೊತ್ತು ಬಾಯ್‌ದೇವ್," ಅಂದ, "ಜೂ ರೋಡ್ ಅಲ್ವಾ?"