ಅಂಜೂರದ ಒಳಗೆ ಏನೈತೆ?

ಯಾರಿಗಾದ್ರೂ ಬಾಟಲಿಯಲ್ಲಿ ಹಾಕಿ ಏನಾದ್ರೂ ಕೊಟ್ಟರೆ ಬಾಟಲಿ ವಾಪಸ್ ಬರಲ್ಲ. ಇದು ಎಲ್ಲಾ ಮನೆಯ ಕಥೆ, ನಿಮ್ಮದೂ ಇದೇ ಅಂತ ಗೊತ್ತು. ಉಪ್ಪಿನಕಾಯಿ ಕೊಟ್ಟ ಗಾಜಿನ ಬಾಟಲಿ, ತುಪ್ಪ ಕೊಟ್ಟ ಸ್ಟೀಲ್ ಡಬ್ಬಿ, ಹೋಳಿಗೆ ಕೊಟ್ಟ ಟಿಫಿನ್ನು, ಎಲ್ಲಾ ಹೋದಲ್ಲೇ ಸಂಸಾರ ಹೂಡಿಬಿಡುತ್ತವೆ. ನಾವೂ ಕೇಳಲ್ಲ, ಅವರೂ ಕೊಡಲ್ಲ. ಆದರೆ ಈ ವಾರ ನಮ್ಮನೆಗೆ ಬಾಟಲಿಗಳು ವಾಪಸ್ ಬರ್ತಾ ಇವೆ. ಅದೂ ಜಾಮ್ ಸಮೇತ. ನಾನು ಕಟ್ಟಿದ ಗಂಟು ಕೂಡ ಯಾರೂ ಬಿಚ್ಚಿಲ್ಲ.

ಇವತ್ತು ಬೆಳಗ್ಗೆ ಬಂದಿದ್ದು ಹೊಸಪೇಟೆಯಿಂದ. ನಮ್ಮ ನಾದಿನಿ ಯಾರದೋ ಕೈಯಲ್ಲಿ ಕಳಿಸಿದ್ದಾಳೆ. ಹೊಸಪೇಟೆ ಈಗ ನಮ್ಮ ಜಿಲ್ಲೆ ಅಲ್ಲ, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯ್ತಲ್ಲ. ಅಂದ್ರೆ ನನ್ನ ಜಾಮ್ ಬಳ್ಳಾರಿಯಿಂದ ಹೊರಟು, ಜಿಲ್ಲೆ ದಾಟಿ ಹೋಗಿ, ಅಲ್ಲಿ ಒಂದು ಚಮಚದ ಮುಖಾನೂ ನೋಡದೆ, ಮತ್ತೆ ಜಿಲ್ಲೆ ದಾಟಿ ಬಂದಿದೆ. ಹಿಂದೆಯೇ ಒಂದು ವಾಯ್ಸ್ ಮೆಸೇಜು. “ಅತ್ತಿಗೆ, ತಪ್ಪು ತಿಳ್ಕೋಬೇಡಿ. ನಮ್ಮನೇಲಿ ನಾನ್‌ವೆಜ್ ತಿನ್ನಲ್ಲ ಅಲ್ವಾ, ಅದಕ್ಕೆ.”

ಅಂಜೂರದ ಜಾಮ್ ರೀ! ಹಣ್ಣು, ಸಕ್ಕರೆ, ನಿಂಬೆರಸ. ಕೋಳಿ ಎಲ್ಲಿಂದ ಬಂತು?

ಮೊದಲಿಂದ ಹೇಳ್ತೀನಿ. ನಮ್ಮ ಚಿಕ್ಕಪ್ಪನ ಹೊಲದಲ್ಲಿ ಅಂಜೂರ ಇದೆ. ಬಳ್ಳಾರಿ ಅಂಜೂರಕ್ಕೆ ಒಂದು ಹೆಸರಿದೆ, ನಿಮಗೆ ಗೊತ್ತಿರುತ್ತೆ. ಆದರೆ ಹೆಸರಿದ್ದಷ್ಟು ಅದಕ್ಕೆ ತಾಳ್ಮೆ ಇಲ್ಲ. ಮಾವಿನಕಾಯಿ ಆದ್ರೆ ಕಿತ್ತು ಹುಲ್ಲಲ್ಲಿ ಮುಚ್ಚಿಟ್ಟು ನಿಧಾನಕ್ಕೆ ಹಣ್ಣು ಮಾಡಬಹುದು. ಅಂಜೂರ ಗಿಡದಲ್ಲೇ ಹಣ್ಣಾಗಬೇಕು. ಹಣ್ಣಾದ್ಮೇಲೆ ಕಿತ್ತರೆ ನಮ್ಮ ಊರಿನ ಬಿಸಿಲಿಗೆ ಎರಡು ದಿನ ತಡೆದರೆ ಹೆಚ್ಚು, ಮೂರನೇ ದಿನ ಹುಳಿ ವಾಸನೆ ಶುರು. ಹಾಗಾಗಿ ಮಾರ್ಕೆಟ್ಟಲ್ಲಿ ರೇಟು ಬಿದ್ದ ದಿನ ನಮ್ಮ ಚಿಕ್ಕಪ್ಪನಿಗೆ ಅಣ್ಣನ ಮಗಳ ಮೇಲೆ ಪ್ರೀತಿ ಉಕ್ಕುತ್ತೆ. ಬೈಕ್ ಹಿಂದೆ ಕ್ರೇಟು ಕಟ್ಟಿಕೊಂಡು ಬರ್ತಾರೆ. ರೇಟು ಚೆನ್ನಾಗಿದ್ದಾಗ ಬರೀ ಫೋನು, “ಆರಾಮಾ ಮಗಳೇ?” ಅಂತ.

ಈ ಸಲ ಬಂದಿದ್ದು ಸಣ್ಣ ಪ್ರೀತಿ ಅಲ್ಲ. ಹಾಲ್‌ನಲ್ಲಿ ಟೀವಿ ನೋಡೋಕೆ ಕಾಲಿಡಲು ಜಾಗ ಇಲ್ಲ.

ಮೊದಲು ನಮ್ಮ ಮನೆಯವರು ಉತ್ಸಾಹದಿಂದ ಮಿಲ್ಕ್‌ಶೇಕ್ ಮಾಡ್ತೀನಿ ಅಂತ ಎದ್ದರು. ತೊಟ್ಟು ಸಮೇತ, ಅರ್ಧ ಕಾಯಿ ಇದ್ದದ್ದನ್ನೂ ಸೇರಿಸಿ ಮಿಕ್ಸಿಗೆ ಹಾಕಿ, ಹಾಲು ಸುರಿದು, ತಿರುಗಿಸಿ, ಲೋಟಕ್ಕೆ ಹಾಕಿಟ್ಟು, ಯಾರದೋ ಫೋನು ಬಂತು ಅಂತ ಗೇಟಿನ ಹತ್ತಿರ ಹೋದರು. ಅವರ ಫೋನು ನಿಮಗೆ ಗೊತ್ತಿಲ್ಲ. ವಾಪಸ್ ಬರೋ ಹೊತ್ತಿಗೆ ಲೋಟದಲ್ಲಿ ಕೆಳಗೆ ನೀರು, ಮೇಲೆ ಗಡ್ಡೆ. ಅಂಜೂರದ ಸೊನೆಯಲ್ಲಿ ಫಿಸಿನ್ ಅಂತ ಒಂದು ಕಿಣ್ವ ಇರುತ್ತೆ, ಅದು ಹಾಲಿನ ಪ್ರೋಟೀನನ್ನು ಒಡೆದು ಹಾಲನ್ನು ಗಡ್ಡೆ ಕಟ್ಟಿಸುತ್ತೆ. ಪಪ್ಪಾಯಿದೂ ಇದೇ ಬುದ್ಧಿ. ಅದೇ ಸೊನೆ ಕೈಗೆ ಹತ್ತಿದ್ರೆ ಬೆರಳ ಸಂದಿ ಎಲ್ಲಾ ತುರಿಕೆ. ಚಿಕ್ಕಪ್ಪ ಕೀಳುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳೋದು ಸುಮ್ನೆ ಅಲ್ಲ.

ಆಮೇಲೆ ಶುರುವಾಯ್ತು ನನ್ನ ಕಾರ್ಖಾನೆ. ಒಂದು ಪಾಲು ಬರ್ಫಿಗೆ. ಒಂದು ಪಾಲು ಉದ್ದಕ್ಕೆ ಸೀಳಿ ಮಾಳಿಗೆ ಮೇಲೆ ಒಣಗಿಸೋಕೆ, ಮೇಲೆ ಹಳೇ ವಾಯಿಲ್ ಸೀರೆ ಮುಚ್ಚಿ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ, ಆದರೆ ಬಿಸಿಲಿನ ಜೊತೆ ಕೆಂಪು ಧೂಳೂ ಬರುತ್ತೆ. ಉಳಿದದ್ದೆಲ್ಲ ಜಾಮ್‌ಗೆ. ಅಂಜೂರದಲ್ಲಿ ಹುಳಿ ಕಮ್ಮಿ, ನಿಂಬೆರಸ ಹಿಂಡದಿದ್ರೆ ಜಾಮ್ ಸರಿಯಾಗಿ ಕೂರಲ್ಲ, ಹೆಚ್ಚು ದಿನ ಇರೋದೂ ಇಲ್ಲ. ಮೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಒಲೆ ಮುಂದೆ ನಿಂತು ಜಾಮ್ ತಿರುವಿ ನೋಡಿ. ಪಾತ್ರೆಯಲ್ಲಿ ಜಾಮ್ ಗಟ್ಟಿಯಾಗೋದಕ್ಕೂ ಮುಂಚೆ ನಾವು ಕರಗಿರ್ತೀವಿ.

ಬಾಟಲಿಗೆ ತುಂಬಿದ ಮೇಲೆ ಅಲಂಕಾರ ಬೇಡ್ವಾ? ನಮ್ಮ ಬೀದಿಯಲ್ಲಿ ಜೀನ್ಸ್ ಹೊಲಿಯುವವರ ಮನೆ ಇದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯದ ಬೀದಿ ಹುಡುಕೋದೇ ಕಷ್ಟ ಅನ್ನಿ. ಅವರ ಹತ್ತಿರ ಕಟಿಂಗ್ ಚೂರು ಇಸ್ಕೊಂಡು ಬಂದು, ದುಂಡಗೆ ಕತ್ತರಿಸಿ, ಪ್ರತಿ ಬಾಟಲಿಯ ಮುಚ್ಚಳದ ಮೇಲೆ ಒಂದೊಂದು ನೀಲಿ ಟೋಪಿ ಹಾಕಿ, ಹಳದಿ ದಾರದಲ್ಲಿ ಕಟ್ಟಿದೆ. ಬಳ್ಳಾರಿ ಅಂಜೂರ, ಬಳ್ಳಾರಿ ಜೀನ್ಸು. ನೋಡಿದವರೆಲ್ಲ “ಅಯ್ಯೋ ಎಷ್ಟು ಚೆಂದ ಐತೆ” ಅಂದರು. ನೆಂಟರು, ಅಕ್ಕಪಕ್ಕ, ಇವರ ಆಫೀಸು, ಮಗನ ಟ್ಯೂಷನ್ ಮೇಡಂ, ಎಲ್ಲರಿಗೂ ಹಂಚಿದೆ.

ಹಂಚಿದ ಮರುದಿನವೇ ನಮ್ಮ ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಬಂತು. ಗುಡುಗಿನ ಸೌಂಡು, ಕೆಂಪು ಅಕ್ಷರ. “ಸಸ್ಯಾಹಾರಿಗಳೇ ಎಚ್ಚರ! ನೀವು ತಿನ್ನುವ ಪ್ರತಿ ಅಂಜೂರದಲ್ಲೂ ಒಂದು ಸತ್ತ ಕಣಜ!” ಕಳಿಸಿದವಳು ಇದೇ ನಾದಿನಿ. ಕೆಳಗೆ ಒಬ್ಬೊಬ್ಬರಾಗಿ ಕೈಮುಗಿಯುವ ಚಿತ್ರ ಹಾಕಿದರು. ಒಬ್ಬರಂತೂ ‘ಗುಡ್ ಮಾರ್ನಿಂಗ್’ ಗುಲಾಬಿ ಹಾಕಿದರು, ಅವರು ಯಾವ ವಿಷಯಕ್ಕೂ ಅದನ್ನೇ ಹಾಕೋದು. ನನ್ನ ಜಾಮ್ ಬಗ್ಗೆ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ಬರೆದಿದ್ರೆ ಜಗಳ ಆಡಬಹುದಿತ್ತು.

ಹೊರಗಿನವರು ಏನಾದ್ರೂ ಮಾಡಿಕೊಳ್ಳಲಿ. ನನ್ನ ತಲೆನೋವು ಮನೆಯೊಳಗೇ ಇತ್ತು. ನಮ್ಮತ್ತೆ.

ನಮ್ಮತ್ತೆ ರಿಟೈರ್ಡ್ ಟೀಚರ್. ಜೀವನಪೂರ್ತಿ ಮಕ್ಕಳ ಕಾಪಿ ತಿದ್ದಿದವರು. ಯಾವುದನ್ನೂ ಸುಮ್ನೆ ನಂಬಲ್ಲ, ಪರೀಕ್ಷೆ ಮಾಡೇ ನಂಬೋದು. ವಿಡಿಯೋ ನೋಡಿದವರೇ ಪಂಚಾಂಗ ಓದೋಕೆ ಇಟ್ಟುಕೊಂಡಿದ್ದ ಭೂತಗನ್ನಡಿ ತಗೊಂಡು, ಕಿಟಕಿ ಹತ್ತಿರ ಚಾಪೆ ಹಾಸಿ, ಉಳಿದಿದ್ದ ಕ್ರೇಟನ್ನು ಎದುರಿಗೆ ಎಳ್ಕೊಂಡು ಕೂತರು. ಒಂದು ಕೈಯಲ್ಲಿ ಚಾಕು.

ಮೊದಲನೇ ಹಣ್ಣು ಸೀಳಿದರು. ಕಣ್ಣಿಗೆ ಹಿಡಿದರು. ದೂರ ಹಿಡಿದರು. ಬೆಳಕಿಗೆ ತಿರುಗಿಸಿದರು.

“ಬಾ ಇಲ್ಲಿ. ಇದು ಕಾಲಾ?”

“ಬೀಜ ಅತ್ತೆ.”

“ಬೀಜಕ್ಕೆ ಕಾಲು ಯಾಕೆ ಇರುತ್ತೆ?”

“ಅದು ಹೂವಿನ ಎಸಳು ಅತ್ತೆ. ಅಂಜೂರ ಅಂದ್ರೆ ಒಳಮುಖವಾಗಿ ಅರಳಿದ ಹೂವಿನ ಗೊಂಚಲು. ಅದಕ್ಕೇ ಗಿಡದ ಮೇಲೆ ಹೂವು ಕಾಣಿಸಲ್ಲ. ಎಲ್ಲಾ ಒಳಗೇ ಇರುತ್ತೆ.”

ಅತ್ತೆ ನನ್ನ ಮುಖವನ್ನೂ ಭೂತಗನ್ನಡಿಯಲ್ಲೇ ನೋಡಿದರು. ಎರಡನೇ ಹಣ್ಣು ಸೀಳಿದರು. ಇದರಲ್ಲೂ ಕಾಲು. ಮೂರನೇದರಲ್ಲೂ. ಆಮೇಲೆ ಹಣ್ಣನ್ನು ಸೀಳುವ ಮೊದಲು ತಲೆಕೆಳಗೆ ಮಾಡಿ ನೋಡಿದರು. ಅಲ್ಲೇ ಕೇಸು ಗೆದ್ದರು.

“ತೂತು!” ಅಂತ ಕೂಗಿದ ಸೌಂಡಿಗೆ ಇವರು ಬಚ್ಚಲಿಂದ ಅರ್ಧ ಸೋಪಲ್ಲಿ ಬಂದರು. “ನೋಡು, ಇಲ್ಲೇ ತೂತು ಐತೆ. ಹುಳ ಒಳಗೆ ಹೋದ ದಾರಿ ಇದೇ!”

ಏನು ಹೇಳೋದು ಹೇಳಿ. ಅಂಜೂರದ ಬುಡದಲ್ಲಿ ತೂತು ಇದ್ದೇ ಇರುತ್ತೆ. ಹುಳ ಬರಲಿ ಬಿಡಲಿ, ಅದು ಹಣ್ಣಿನ ಹುಟ್ಟುಗುಣ. ಆದರೆ ಅತ್ತೆಗೆ ಈಗ ಪ್ರತಿ ಹಣ್ಣೂ ಸಾಕ್ಷಿ. ಒಂದೊಂದನ್ನೇ ಎತ್ತಿ “ಇದಕ್ಕೂ ಐತೆ”, “ಇದಕ್ಕೂ ಐತೆ” ಅಂತ ಕ್ರೇಟಿನ ತಳದವರೆಗೂ ಹಾಜರಿ ತಗೊಂಡರು. ಒಂದಕ್ಕೆ ತೂತು ಸ್ವಲ್ಪ ಮುಚ್ಚಿಕೊಂಡಿತ್ತು. ಅದನ್ನು ಬೇರೆ ಇಟ್ಟರು. “ಇದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಿದೆ” ಅಂದರು. “ಅತ್ತಿ ಹಣ್ಣು ಬಿಚ್ಚಿದ್ರೆ ಹುಳ ಅಂತ ಹಿರಿಯರು ಸುಮ್ನೆ ಹೇಳಿದ್ರಾ?” ಅಂತ ಕೊನೆಗೆ ಒಂದು ತೀರ್ಪು. ಅಷ್ಟು ಹೊತ್ತಿಗೆ ಸೀಳಿದ ಹಣ್ಣೆಲ್ಲ ಚಾಪೆ ಮೇಲೆ ಬಾಯಿ ತೆರೆದು ಬಿದ್ದಿದ್ದವು. ಒಂದರಲ್ಲೂ ಹುಳ ಸಿಕ್ಕಿರಲಿಲ್ಲ. ಸಿಕ್ಕಿಲ್ಲ ಅಂದೆ. “ಅದೇ ಅಲ್ವಾ ಭಯ” ಅಂದರು.

ಸೀಳಿದ ಹಣ್ಣು ರಾತ್ರಿಯವರೆಗೂ ಇರಲ್ಲ. ಅಂದ್ರೆ ನಾನು ಮತ್ತೆ ಒಲೆ ಮುಂದೆ.

ಅತ್ತಿ ಹಣ್ಣಿಗೆ ಕಣಜ ಬೇಕು, ಅದು ನಿಜ. ನುಸಿಯಷ್ಟು ಸಣ್ಣ ಹೆಣ್ಣು ಕಣಜ ಆ ತೂತಿನಲ್ಲಿ ನುಗ್ಗಿ ಪರಾಗಸ್ಪರ್ಶ ಮಾಡುತ್ತೆ, ನುಗ್ಗುವಾಗ ರೆಕ್ಕೇನೂ ಉದುರಿಸಿಕೊಳ್ಳುತ್ತೆ. ಆದರೆ ಅಂಜೂರದಲ್ಲಿ ಎರಡು ಥರ. ನಮ್ಮ ಕಡೆ ಬೆಳೆಯೋದು ಪರಾಗಸ್ಪರ್ಶ ಇಲ್ಲದೆಯೇ ಹಣ್ಣಾಗುವ ತಳಿ. ಇನ್ನೊಂದು ಸ್ಮಿರ್ನಾ ಜಾತಿ, ಅದಕ್ಕೆ ಕಣಜ ಇಲ್ಲದೆ ಆಗಲ್ಲ, ಕಾಯಿ ಉದುರಿಬಿಡುತ್ತೆ. ಅಮೆರಿಕದ ಕ್ಯಾಲಿಫೋರ್ನಿಯಾದವರು ಆ ಜಾತಿಯ ಗಿಡ ತಂದು ನೆಟ್ಟು, ವರ್ಷಗಟ್ಟಲೆ ಕಾಯಿ ಉದುರೋದನ್ನು ನೋಡ್ತಾ ಕೂತು, ಕೊನೆಗೆ ಕಣಜವನ್ನೇ ಹಡಗಲ್ಲಿ ತರಿಸಿದರು. 1899ರಲ್ಲಿ ಅದು ಅಲ್ಲಿ ನೆಲೆ ನಿಂತ ಮೇಲೆಯೇ ಹಣ್ಣು ಕಂಡಿದ್ದು. ಅಲ್ಲೂ ಒಳಗೆ ಸತ್ತ ಹುಳ ಹಾಗೇ ಕೂತಿರಲ್ಲ, ಹಾಲು ಒಡೆಸಿದ ಅದೇ ಫಿಸಿನ್ ಅದನ್ನೂ ಬಹುಮಟ್ಟಿಗೆ ಕರಗಿಸುತ್ತೆ. ಹಲ್ಲಿಗೆ ಕರಕರ ಸಿಗೋದು ಬೀಜ. ಇಷ್ಟನ್ನೂ ಗ್ರೂಪಲ್ಲಿ ಬರೆದು ಹಾಕಿದೆ. ಯಾರೂ ಓದಲಿಲ್ಲ. ಗುಲಾಬಿ ಮಾತ್ರ ಬಂತು.

ಸಂಪ್ರದಾಯಸ್ಥ ಜೈನರು ಅತ್ತಿ, ಆಲ, ಅಂಜೂರ ಇವನ್ನೆಲ್ಲ ತಿನ್ನೋದಿಲ್ಲ. ಅದು ಅವರ ನೇಮ, ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ, ನಾನು ಎರಡು ಮಾತಾಡಲ್ಲ. ನನಗೆ ಉರಿಯೋದು ಬೇರೆ. ಹೋದ ವರ್ಷ ಇದೇ ಜಾಮನ್ನು ಬೆರಳಲ್ಲಿ ಬಳಿದು ನೆಕ್ಕಿದ ನಾದಿನಿಗೆ ಒಂದೂವರೆ ನಿಮಿಷದ ವಿಡಿಯೋ ನೋಡಿ ವ್ರತ ಹುಟ್ಟಿತಲ್ಲ, ಅದು. ಒಲೆ ಮುಂದೆ ಬೆಂದ ಅತ್ತಿಗೆಗೆ ಒಂದು ಫೋನು ಮಾಡಿ “ಇದು ನಿಜಾನಾ?” ಅಂತ ಕೇಳೋಕೆ ಏನಾಗಿತ್ತು?

ನಮ್ಮಪ್ಪ ಸಂಜೆ ಕೆಲಸದಿಂದ ಬರುವಾಗ ಬುಟ್ಟಿಯವಳ ಹತ್ತಿರ ಅಂಜೂರ ತರ್ತಿದ್ದರು, ಎಲೆಯಲ್ಲಿ ಸುತ್ತಿಸಿಕೊಂಡು. ಶರ್ಟಿನ ಜೇಬಲ್ಲೇ ಒಂದೆರಡು ಇರ್ತಿದ್ದವು, ಜೇಬಿಗೆ ಕಲೆ ಆಯ್ತು ಅಂತ ಅಮ್ಮ ಬೈತಿದ್ದಳು. ಅಪ್ಪ ಎರಡು ಹೆಬ್ಬೆರಳಲ್ಲಿ ಹಣ್ಣು ಬಿಡಿಸಿ ನನಗೊಂದು ಅರ್ಧ, ತಮ್ಮನಿಗೊಂದು ಅರ್ಧ. ಯಾರ ಪಾಲು ದೊಡ್ಡದು ಅಂತ ಜಗಳ ಆಡ್ತಿದ್ವಿ. ಒಳಗೆ ಏನಿದೆ ಅಂತ ನೋಡೋಷ್ಟು ಹೊತ್ತು ಅದು ಕೈಯಲ್ಲಿ ಉಳಿದಿದ್ದೇ ಇಲ್ಲ. ಆ ಶರ್ಟು ಅಮ್ಮನ ಹತ್ತಿರ ಇನ್ನೂ ಇದೆ. ಕಲೆ ಹೋಗಿಲ್ಲ. ಅಪ್ಪ ಇಲ್ಲ.

ಇರಲಿ. ವಾಪಸ್ ಬಂದ ಬಾಟಲಿಗಳ ಕಥೆಗೆ ಬರ್ತೀನಿ. ಹಿಂದಿನ ಬೀದಿ ಚಾಚಿಗೆ ವಿಷಯ ಹೇಳಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು. “ನಮ್ಮ ಕುರಾನಲ್ಲಿ ಅಂಜೂರದ ಹೆಸರಲ್ಲೇ ಒಂದು ಅಧ್ಯಾಯ ಐತಮ್ಮ, 95ನೇದು. ಕೊಡು ಇತ್ಲಾಗೆ” ಅಂತ ಚೀಲ ಹಿಡಿದು ನಿಂತರು. ನೀಲಿ ಟೋಪಿಗಳನ್ನು ಮೊಮ್ಮಗಳು ಗೊಂಬೆಗೆ ಹಾಕಿಕೊಂಡಳಂತೆ. ಮೊನ್ನೆ ಮೊದಲ ಬಾಟಲಿ ತೊಳೆದು ಒರೆಸಿ ಒಳಗೆ ಶೇಂಗಾ ಚಟ್ನಿಪುಡಿ ತುಂಬಿಸಿ ಕಳಿಸಿದ್ದಾರೆ. ಬಾಟಲಿ ಹೀಗೂ ವಾಪಸ್ ಬರಬಹುದು ಅಂತ ನಮ್ಮ ನೆಂಟರಿಗೆ ಯಾರಾದ್ರೂ ಒಂದು ವಿಡಿಯೋ ಮಾಡಿ ಕಳಿಸ್ರಪ್ಪ.

ಅತ್ತೆದು ಮಾತ್ರ ಇನ್ನೂ ಬಗೆಹರಿದಿಲ್ಲ. ಹಸಿ ಹಣ್ಣು ಮುಟ್ಟಲ್ಲ. ಬರ್ಫಿ ಬೇಡ. ಆದರೆ ನಿನ್ನೆ ಚಪಾತಿ ಜೊತೆ ಜಾಮ್ ಹಾಕಿಸಿಕೊಂಡರು. ನಾನು ಸುಮ್ನಿರದೆ ಮುಖ ನೋಡಿದೆ. “ಅಷ್ಟು ಹೊತ್ತು ಕುದ್ದಿದೆ ಅಲ್ವಾ, ಏನಿದ್ರೂ ಹೋಗಿರುತ್ತೆ” ಅಂದರು.

ಮಲಗೋ ಮುಂಚೆ ಅವರದ್ದೊಂದು ನೇಮ ಇದೆ. ಸಣ್ಣ ಬಟ್ಟಲಿಗೆ ನೀರು ಹಾಕಿ ಎರಡು ಒಣ ಅಂಜೂರ ನೆನೆಸಿಡ್ತಾರೆ, ಬೆಳಗ್ಗೆ ಹೊಟ್ಟೆ ಸಲೀಸಾಗಲಿ ಅಂತ. ಬೆಂಗಳೂರಿಂದ ಮೊಮ್ಮಗ ತಂದ ಪ್ಯಾಕೆಟ್ಟು. ಮೇಲೆ ಟರ್ಕಿ ಅಂತ ಬರೆದಿದೆ. ಟರ್ಕಿಯಲ್ಲಿ ಒಣಗಿಸೋಕೆ ಹೆಚ್ಚಾಗಿ ಬೆಳೆಯೋದು ಅದೇ ಸ್ಮಿರ್ನಾ ಜಾತಿ, ಕಣಜ ಬಂದ್ರೆ ಮಾತ್ರ ಹಣ್ಣಾಗೋದು. ನಾನೂ ಎಷ್ಟು ಅಂತ ಬಾಯಿ ಕಟ್ಟಲಿ? ನಿನ್ನೆ ರಾತ್ರಿ ಹೇಳೇಬಿಟ್ಟೆ. “ಅತ್ತೆ, ಹುಳದ ಲೆಕ್ಕ ಹಾಕೋದಾದ್ರೆ ಮೊದಲು ಇದನ್ನು ಹಾಕಬೇಕು ನೋಡಿ.”

ಅತ್ತೆ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದರು. “ಅದು ಔಷಧಿ ಕಣಮ್ಮ. ಔಷಧಿಗೆ ವೆಜ್ಜು ನಾನ್‌ವೆಜ್ಜು ನೋಡಬಾರದು” ಅಂದು, ಲೈಟ್ ಆರಿಸೋಕೆ ಹೇಳಿ ಮಲಗಿದರು.