ಬೇರೆ ನಿರ್ವಾತ ಇದೆಯಾ ಅಂತ ಹುಡುಕಬೇಕೇ?

ಪರ: ಹುಡುಕದೆ ಬಿಡಬಾರದು

ಖಾಲಿ ಜಾಗ ಅಂದರೆ ಏನೂ ಇಲ್ಲದ ಜಾಗ ಅಲ್ಲ. ಒಂದೊಂದು ಕಣವನ್ನೂ ಹೊರಗೆ ಹಾಕಿದರೂ ಹಿಗ್ಸ್ ಕ್ಷೇತ್ರ ಎಲ್ಲೆಡೆ 246 ಜಿಇವಿ ಮೌಲ್ಯದಲ್ಲಿ ಕೂತೇ ಇರುತ್ತದೆ (ಜಿಇವಿ ಅಂದರೆ ಕಣಲೋಕದ ಶಕ್ತಿಯ ಅಳತೆ, ಕಣಗಳ ತೂಕವನ್ನೂ ಅದರಲ್ಲೇ ಹೇಳುತ್ತಾರೆ). ಎಲೆಕ್ಟ್ರಾನಿಗೆ ತೂಕ ಬಂದಿರುವುದೇ ಅದರಿಂದ. ನಿರ್ವಾತದ ಈ ಸ್ಥಿತಿಯೇ ಕೊನೆಯದಾ, ಇಲ್ಲಾ ಇದಕ್ಕಿಂತ ಕೆಳಗೆ ಇನ್ನೊಂದು ಇದೆಯಾ? ನಂದಿಬೆಟ್ಟದ ಇಳಿಜಾರಿನ ಸಣ್ಣ ಗುಂಡಿಯಲ್ಲಿ ಒಂದು ಕಲ್ಲು ನಿಂತಿದೆ ಅಂದುಕೊಳ್ಳಿ. ಅದರ ಮಟ್ಟಿಗೆ ಆ ಗುಂಡಿಯೇ ಬೆಟ್ಟದ ಬುಡ.

2012ರಲ್ಲಿ ಜಿನೀವಾ ಬಳಿಯ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಕಣ ಸಿಕ್ಕಿತು. ತೂಕ ಸುಮಾರು 125 ಜಿಇವಿ. ಗೊತ್ತಿರುವ ಮೂಲಕಣಗಳಲ್ಲೇ ಭಾರವಾದ ಟಾಪ್ ಕ್ವಾರ್ಕ್‌ನದು 173ರ ಹತ್ತಿರ. ಮುಂದೆ ಹೊಸ ಕಣ ಯಾವುದೂ ಇಲ್ಲ ಅಂತ ಇಟ್ಟುಕೊಂಡು ಈ ಎರಡು ಅಂಕಿ ಹಾಕಿ ಲೆಕ್ಕ ಮಾಡಿದರೆ, ನಾವಿರುವುದು ಆ ಗುಂಡಿಯಲ್ಲೇ. ಟಾಪ್ ಒಂದೆರಡು ಜಿಇವಿ ಹಗುರ ಇದ್ದಿದ್ದರೆ ನಮ್ಮ ನಿರ್ವಾತ ಪೂರ್ತಿ ಭದ್ರ. ಇಷ್ಟು ಅಂಚಿಗೆ ಬಂದು ನಿಂತಿರುವುದು ಸುಮ್ನೆ ಆಯ್ತಾ? ಟಾಪ್‌ನ ತೂಕವನ್ನು ಇನ್ನೂ ಸೂಕ್ಷ್ಮವಾಗಿ ಅಳೆದರೆ ಅರ್ಧ ಉತ್ತರ ಕೈಗೆ ಬರುತ್ತದೆ.

ಆಕಾಶದಲ್ಲೂ ಹುಡುಕಬಹುದು. ಒಂದು ನಿರ್ವಾತ ಇನ್ನೊಂದಕ್ಕೆ ಇಳಿಯುವಾಗ, ಕುದಿಯುವ ನೀರಿನ ಹಾಗೆ, ಗುಳ್ಳೆಯೆದ್ದು ಹರಡುತ್ತದೆ; ನಮ್ಮ ವಿಶ್ವವೂ ಅಂಥ ಒಂದು ಗುಳ್ಳೆಯೊಳಗೆ ಇರಬಹುದು ಅನ್ನುತ್ತಾರೆ. ಬೇರೆ ನಿರ್ವಾತದ ಗುಳ್ಳೆಯೊಂದು ನಮ್ಮ ಗುಳ್ಳೆಗೆ ಮೊದಲ ದಿನಗಳಲ್ಲಿ ತಾಗಿದ್ದರೆ, ಮಹಾಸ್ಫೋಟದಿಂದ ಉಳಿದ ವಿಶ್ವದ ಹಿನ್ನೆಲೆ ವಿಕಿರಣದಲ್ಲಿ ದುಂಡನೆಯ ಗುರುತು ಉಳಿದಿರಬೇಕು. 2011ರಲ್ಲಿ ಡಬ್ಲ್ಯುಮ್ಯಾಪ್ ಉಪಗ್ರಹದ ನಕ್ಷೆಯಲ್ಲಿ ಹುಡುಕಿದರು. ನಂಬುವಂಥದ್ದು ಸಿಗಲಿಲ್ಲ. ‘ನೋಡಿ, ದಂಡ’ ಅನ್ನುವವರು ನಮ್ಮ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಕತೆ ಕೇಳಬೇಕು. ಮೊದಲ ನಕ್ಷತ್ರಗಳ ಕಾಲದ ಸಂಕೇತ ಸಿಕ್ಕಿದೆ ಅಂತ 2018ರಲ್ಲಿ ಎಡ್ಜಸ್ ಅನ್ನುವ ರೇಡಿಯೋ ಪ್ರಯೋಗದ ತಂಡದವರು ಹೇಳಿದರು. ದೊಡ್ಡ ಸುದ್ದಿಯಾಯಿತು. ನಮ್ಮವರು ಸರಸ್ 3 ಅನ್ನುವ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟು ಕೇಳಿಸಿಕೊಂಡರು. ಅಂಥ ಸಂಕೇತ ಇರಲಿಲ್ಲ. 2022ರಲ್ಲಿ ಹಾಗೆಂದೇ ಪ್ರಕಟಿಸಿದರು, ಜಗತ್ತು ಕಿವಿಗೊಟ್ಟಿತು. ಸಿಗದೇ ಇರುವುದೂ ಫಲಿತಾಂಶವೇ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನೇ ಹೇಳಿ ಹೇಳಿ ಅವರಿಗೆ ಬಾಯಿಪಾಠ ಆಗಿದೆ.

ಕೆಳಗಿನ ನಿರ್ವಾತದ ಗುಳ್ಳೆ ಹತ್ತಿರ ಹತ್ತಿರ ಬೆಳಕಿನ ವೇಗದಲ್ಲಿ ಬರುತ್ತೆ, ಕಾಣುವಷ್ಟರಲ್ಲಿ ನಾವೇ ಇರಲ್ಲ, ಪತ್ತೆ ಮಾಡೋದು ಹೇಗೆ ಅಂತ ಕೆಲವರು ಕೇಳುತ್ತಾರೆ. ಕೆಲಸ ಮಾಡಲು ಮನಸ್ಸಿಲ್ಲದವರ ಪ್ರಶ್ನೆ ಅದು. ಇಟಲಿಯ ಟ್ರೆಂಟೊದಲ್ಲಿ ಅತಿ ತಣ್ಣಗಿನ ಸೋಡಿಯಂ ಪರಮಾಣುಗಳಲ್ಲಿ ಇಂಥದ್ದೇ ಗುಳ್ಳೆ ಹುಟ್ಟುವುದನ್ನು ನೋಡಿ 2024ರಲ್ಲಿ ವರದಿ ಮಾಡಿದ್ದಾರೆ. ಕಣಗಳನ್ನು ಡಿಕ್ಕಿ ಹೊಡೆಸಿದರೆ ವಿಶ್ವವೇ ಕರಗಿಹೋಗುತ್ತೆ ಅನ್ನುವ ಭಯಕ್ಕೆ ಖಗೋಳ ವಿಜ್ಞಾನಿಗಳಾದ ಹಟ್ ಮತ್ತು ರೀಸ್ 1983ರಲ್ಲೇ ಉತ್ತರ ಕೊಟ್ಟಾಗಿದೆ: ನಮ್ಮ ಯಂತ್ರಗಳಿಗಿಂತ ಜೋರಾದ ಡಿಕ್ಕಿಗಳನ್ನು ಕಾಸ್ಮಿಕ್ ಕಿರಣಗಳು ಯಾವಾಗಿನಿಂದಲೋ ಮಾಡುತ್ತಿವೆ. ವಿಶ್ವ ಇನ್ನೂ ಇದೆ.

ವಿರೋಧ: ಸದ್ಯಕ್ಕೆ ಬೇಡ

ವಿರೋಧ ಬರೆಯಿರಿ ಅಂದರು, ಆಯ್ತು ಅಂದೆ. ಈ ಹುಡುಕಾಟದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೂ ಒಂದೆರಡು ಮಾತು.

ಕಣಗಳೆಲ್ಲ ಕಂಪಿಸುವ ಸಣ್ಣ ಎಳೆಗಳು ಅನ್ನುವ ಸ್ಟ್ರಿಂಗ್ ಸಿದ್ಧಾಂತದವರು ಇಂಥ ನಿರ್ವಾತಗಳು 10ರ ಘಾತ 500ರಷ್ಟು ಇರಬಹುದು ಅನ್ನುತ್ತಾರೆ. ಅಷ್ಟೊಂದು ಇದ್ದ ಮೇಲೆ ಏನು ಸಿಕ್ಕರೂ ಸರಿ, ಸಿಗದಿದ್ದರೂ ಸರಿ. ಇನ್ನು, ನಮ್ಮ ನಿರ್ವಾತ ಕುಸಿಯುವುದಕ್ಕೆ ವಿಶ್ವದ 1380 ಕೋಟಿ ವರ್ಷದ ವಯಸ್ಸಿಗಿಂತ ಎಷ್ಟೋ ಪಟ್ಟು ಜಾಸ್ತಿ ಕಾಲ ಬೇಕು ಅಂತ ಆ ಹಿಗ್ಸ್ ಲೆಕ್ಕವೇ ಹೇಳುತ್ತದೆ. ಅವಸರ ಏನು? ಸರ್ನ್‌ನವರು 91 ಕಿಲೋಮೀಟರ್ ಸುತ್ತಳತೆಯ, ಕಣಗಳನ್ನು ಡಿಕ್ಕಿ ಹೊಡೆಸುವ ಹೊಸ ಯಂತ್ರಕ್ಕೆ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್ ಅಂದಾಜು ಹಾಕಿದ್ದಾರೆ. 2017ರಿಂದ ಭಾರತವೂ ಅಲ್ಲಿ ಸಹ ಸದಸ್ಯ. ಪರ ಬರೆದವರು ಕೆರೆಯ ಕತೆ ಹೇಳಿದ್ದಾರಂತೆ. ಒಳ್ಳೇ ಕತೆ. ಅದಕ್ಕೂ ಈ ಗುಳ್ಳೆಗಳಿಗೂ ಏನು ಸಂಬಂಧ?

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾಗಿದ್ದವನು. ಗಾಜಿನ ಜಾಡಿಯೊಳಗೆ ಎಲೆಕ್ಟ್ರಿಕ್ ಬೆಲ್ ನೇತುಹಾಕಿ, ಪಂಪಿನಿಂದ ಗಾಳಿ ಎಳೆಯುವ ಪ್ರಯೋಗ ನಿಮಗೂ ನೆನಪಿರಬಹುದು. ಗಾಳಿ ಹೋದ ಹಾಗೆ ಶಬ್ದ ಅಡಗಬೇಕು. ನಮ್ಮ ಪಂಪಿನ ವಾಷರ್ ಸವೆದುಹೋಗಿತ್ತು. ಜಾಡಿಯ ಅಂಚಿಗೆ ಎಷ್ಟು ಗ್ರೀಸ್ ಮೆತ್ತಿದರೂ ಗಾಳಿ ಸುಯ್ ಅಂತ ಒಳಗೆ ನುಗ್ಗೋದು. ‘ಸಾರ್, ಇನ್ನೂ ಕೇಳಿಸ್ತಿದೆ’ ಅಂತ ಹಿಂದಿನ ಬೆಂಚಿನಿಂದ ಕೂಗು, ಕ್ಲಾಸೆಲ್ಲ ನಗು. ಹೊಸ ವಾಷರ್ ಕೊಡಿಸಿ ಅಂತ ಅರ್ಜಿ ಬರೆದೆ. ಅನುದಾನ ಬರಲಿ, ನೋಡೋಣ ಅಂದರು. ಕೊನೆಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಲೆದು, ಹೆಚ್ಚುಕಮ್ಮಿ ಅದೇ ಅಳತೆಯ ರಬ್ಬರ್ ತಂದು, ಬ್ಲೇಡಿನಲ್ಲಿ ಕೆತ್ತಿ ನಾನೇ ಕೂರಿಸಿದೆ. ಬೆಲ್ಲಿನ ಸುತ್ತಿಗೆ ಬಡಿಯುತ್ತಿದೆ, ಸದ್ದು ಮಾತ್ರ ಇಲ್ಲ! ಯಾವಾಗಲೂ ನಗುತ್ತಿದ್ದ ಹುಡುಗರು ಎದ್ದು ಬಂದು ಮೇಜಿನ ಸುತ್ತ ನಿಂತರು. ‘ಹಾಗಾದ್ರೆ ಸಾರ್, ಒಳಗೆ ಈಗ ಏನಿದೆ?’ ಅಂತ ಒಬ್ಬ ಕೇಳಿದ.

ಹಿಗ್ಸ್ ಲೆಕ್ಕ ಮಾಡುವವರು ಬರಬೇಕಾದದ್ದು ಇಂಥ ಕ್ಲಾಸುಗಳಿಂದಲೇ ಅಲ್ವಾ? ಮೊದಲು ಇಲ್ಲಿಗೆ ಒಂದು ವಾಷರ್ ಕೊಡಿಸಿ. ಆಮೇಲೆ ಟಾಪ್ ಕ್ವಾರ್ಕನ್ನು ಎಷ್ಟು ಬೇಕಾದರೂ ತೂಗಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ.